ಮರ್ಯಾದೆಯ ಹೆಸರಲ್ಲಿ ಸುರಿದ ಲೋಟ



ನಿಮ್ಮ ಮನೆಯಲ್ಲಿ ಹೈಸ್ಕೂಲಿಗೋ ಕಾಲೇಜಿಗೋ ಹೋಗುವ ಹೆಣ್ಣುಮಕ್ಕಳಿದ್ದರೆ ಕೊರಿಯಾದ ಹೆಸರು ನಿಮಗೆ ಹೊಸದಾಗಿರಲಿಕ್ಕಿಲ್ಲ. 2020ರ ಲಾಕ್‌ಡೌನ್ ಕಾಲದಲ್ಲಿ ನಮ್ಮ ಮೊಬೈಲುಗಳೊಳಗೆ ಬಂದ ಕೊರಿಯನ್ ಧಾರಾವಾಹಿಗಳು ಇನ್ನೂ ಹೊರಗೆ ಹೋಗಿಲ್ಲ. ಹಿರಿಯರಿಗೆ ಬಾಗಿ ವಂದಿಸುತ್ತಾರೆ, ಮನೆಮಂದಿಯೆಲ್ಲ ಒಟ್ಟಿಗೆ ಕುಳಿತು ಉಣ್ಣುತ್ತಾರೆ, ನಮ್ಮ ಸಿನಿಮಾಗಳಷ್ಟು ಅಸಭ್ಯತೆ ಇಲ್ಲ ಎಂದು ಹೇಳಿ ಎಷ್ಟೋ ತಾಯಂದಿರು ಸುಮ್ಮನಾಗಿದ್ದಾರೆ. ಅದರಲ್ಲಿ ಸ್ವಲ್ಪ ಸತ್ಯವೂ ಇದೆ. ಆದರೆ ಒಂದು ದಿನ ಮಗಳ ಪಕ್ಕದಲ್ಲಿ ಕುಳಿತು ನಾಲ್ಕೈದು ಕಂತುಗಳನ್ನು ನೋಡಿ. ಕೆಲಸ ಸಿಕ್ಕಿದರೆ, ಕೆಲಸ ಹೋದರೆ, ಪ್ರೀತಿ ಮುರಿದರೆ, ಹಳೆಯ ಗೆಳೆಯ ಸಿಕ್ಕರೆ, ಸುಮ್ಮನೆ ಮಳೆ ಬಂದರೂ ಮೇಜಿನ ಮೇಲೆ ಒಂದು ಹಸಿರು ಬಾಟ್ಲಿ ಬಂದು ಕೂರುತ್ತದೆ. ನಾಯಕಿ ಪುಟ್ಟ ಲೋಟವೊಂದನ್ನು ಒಂದೇ ಗುಟುಕಿಗೆ ಕುಡಿದು ಮುಖ ಹಿಂಡುತ್ತಾಳೆ. ನಂತರ ನಾಯಕ ಅವಳನ್ನು ಬೆನ್ನ ಮೇಲೆ ಹೊತ್ತುಕೊಂಡು ಮನೆಗೆ ಬಿಡುತ್ತಾನೆ. ನೋಡುವವರಿಗೆ ನಗು, ಮುದ್ದು.

ಆ ಹಸಿರು ಬಾಟ್ಲಿಯ ಹೆಸರು ಸೋಜು. ಅದು ತಂಪು ಪಾನೀಯವಲ್ಲ, ಭಟ್ಟಿ ಇಳಿಸಿದ ಮದ್ಯ. ಜಗತ್ತಿನಲ್ಲಿ ಅತಿ ಹೆಚ್ಚು ಮಾರಾಟವಾಗುವ ಮದ್ಯದ ಬ್ರಾಂಡ್ ಯಾವುದೋ ಐರೋಪ್ಯ ವಿಸ್ಕಿ ಎಂದು ನೀವು ಭಾವಿಸಿರಬಹುದು. ಅಲ್ಲ, ಅದು ಕೊರಿಯಾದ ಜಿನ್ರೋ ಎಂಬ ಸೋಜು. ಆ ಬಾಟ್ಲಿಯ ಹಿಂದೆ ಇರುವ ಪದ್ಧತಿಯನ್ನೂ, ಆ ಪದ್ಧತಿ ಅಲ್ಲಿನ ದೇಹಗಳಿಗೂ ಮನೆಗಳಿಗೂ ಮಾಡುತ್ತಿರುವುದನ್ನೂ ಧಾರಾವಾಹಿ ತೋರಿಸುವುದಿಲ್ಲ. ಈ ತಿಂಗಳು ಅದನ್ನೇ ಬರೆಯುತ್ತೇನೆ.

ಮೊದಲು ಅದು ಅಲ್ಲಿಗೆ ಹೇಗೆ ಹೋಯಿತು ಎಂಬ ಕಥೆ. ಅದು ನಮಗೆ ಅಷ್ಟೇನೂ ದೂರದ್ದಲ್ಲ. ಅರಬಿಯಲ್ಲಿ ‘ಅರಕ್’ ಎಂದರೆ ಬೆವರು. ಮುಚ್ಚಿದ ಪಾತ್ರೆಯಲ್ಲಿ ಹೂವನ್ನೋ ಗಿಡಮೂಲಿಕೆಯನ್ನೋ ಕುದಿಸಿದಾಗ ಮುಚ್ಚಳದ ಒಳಗೆ ಬೆವರಿನಂತೆ ಹನಿಗಟ್ಟುತ್ತದಲ್ಲ, ಆ ಹನಿಗೆ ಕೊಟ್ಟ ಹೆಸರದು. ಯೂನಾನಿ ಹಕೀಮರ ಅರಕ್‌ಗಳು, ಮದುವೆಮನೆಯಲ್ಲಿ ಚಿಮುಕಿಸುವ ಪನ್ನೀರು ಎಲ್ಲವೂ ಇದೇ ವಿದ್ಯೆಯ ಫಲ. ಜಾಬಿರ್ ಇಬ್ನ್ ಹಯ್ಯಾನ್, ಅಲ್‌ಕಿಂದಿ, ಅಲ್‌ರಾಝಿ ಅವರಂಥವರ ಹೆಸರಿನೊಂದಿಗೆ ಬೆಳೆದ ಈ ವಿದ್ಯೆ ಔಷಧಿಗೂ ಸುಗಂಧಕ್ಕೂ ಬಳಕೆಯಾಯಿತು. ಮದ್ಯಕ್ಕೂ ಬಳಸಿದವರಿದ್ದರು. 13ನೇ ಶತಮಾನದಲ್ಲಿ ಪಶ್ಚಿಮದ ನಾಡುಗಳನ್ನು ಕೊಳ್ಳೆಹೊಡೆದ ಮಂಗೋಲರು ಈ ಭಟ್ಟಿಯ ವಿದ್ಯೆಯನ್ನು ಕಲಿತು, ತಾವು ಆಕ್ರಮಿಸಿದ ಕೊರಿಯಾಕ್ಕೆ ಕೊಂಡೊಯ್ದರು. ಅವರ ಸೇನೆ ಬೀಡುಬಿಟ್ಟಿದ್ದ ಕೇಸಾಂಗ್, ಆಂದಾಂಗ್, ಜೇಜು ಎಂಬ ಊರುಗಳೇ ಮುಂದೆ ಸೋಜುವಿಗೆ ಹೆಸರಾದವು. ಕೇಸಾಂಗ್‌ನಲ್ಲಿ ಅದನ್ನು ‘ಅರಾಕ್‌ಜು’ ಎಂದೇ ಕರೆಯುತ್ತಿದ್ದರು. ಇಂಗ್ಲಿಷರ ಬಾಯಲ್ಲಿ ‘ಅರ್ಯಾಕ್’ ಆಗಿ ನಮ್ಮ ರಾಜ್ಯದ ಅಬಕಾರಿ ಕಾಗದಗಳಲ್ಲಿ ಸಾರಾಯಿಗೆ ಅಂಟಿಕೊಂಡಿದ್ದೂ ಅದೇ ಪದ. ಒಂದು ಪದ ಎಲ್ಲಿಂದ ಎಲ್ಲಿಗೆ ಹೋಯಿತು ನೋಡಿ. ಆಲ್ಕೋಹಾಲ್ ಎಂಬ ಪದ ಕೂಡ ‘ಅಲ್ ಕುಹ್ಲ್’ನಿಂದ, ಎಂದರೆ ಕಣ್ಣಿಗೆ ಹಚ್ಚುವ ಸುರ್ಮಾದಿಂದ ಬಂದದ್ದು. ವಿದ್ಯೆಗೆ ತಪ್ಪಿಲ್ಲ, ಅದನ್ನು ಹಿಡಿದ ಕೈಯಲ್ಲಿ ತಪ್ಪಿರುತ್ತದೆ.

ಹಿಂದೆ ಸೋಜುವನ್ನು ಅಕ್ಕಿಯಿಂದ ಮಾಡುತ್ತಿದ್ದರು. ಅದು ಉಳ್ಳವರ ಮನೆಯ ಪಾನೀಯವಾಗಿತ್ತು. 1965ರಲ್ಲಿ ದೇಶದಲ್ಲಿ ಅಕ್ಕಿಗೇ ಬರ ಬಂದಾಗ ಸರಕಾರವು ಧಾನ್ಯದಿಂದ ಮದ್ಯ ಇಳಿಸುವುದನ್ನು ನಿಷೇಧಿಸಿತು. ಜನ ಕುಡಿತ ಬಿಟ್ಟರೆಂದು ಭಾವಿಸಬೇಡಿ. ಕಾರ್ಖಾನೆಗಳು ಗೆಣಸು, ಮರಗೆಣಸುಗಳಿಂದ ಶುದ್ಧ ಮದ್ಯಸಾರವನ್ನು ತೆಗೆದು, ಅದಕ್ಕೆ ನೀರು ಮತ್ತು ಸಿಹಿ ಬೆರೆಸಿ ಬಾಟ್ಲಿಗೆ ತುಂಬಿಸಿದವು. ನಿಷೇಧ 1990ರ ದಶಕದಲ್ಲಿ ಸಡಿಲಗೊಂಡರೂ ಆ ಅಗ್ಗದ ಸೋಜುವೇ ದೇಶದ ಪಾನೀಯವಾಗಿ ಉಳಿಯಿತು. ಇಂದು ಅಂಗಡಿಯಲ್ಲಿ ಒಂದು ಬಾಟ್ಲಿ ಸೋಜು ಹೋಟೆಲಿನ ಒಂದು ಲೋಟ ಕಾಫಿಗಿಂತ ಅಗ್ಗವಾಗಿ ಸಿಗುತ್ತದೆ, ಅದೂ ಇಡೀ ರಾತ್ರಿ ತೆರೆದಿರುವ ಅಂಗಡಿಗಳಲ್ಲಿ.

ಇನ್ನೊಂದು ಜಾಣತನವನ್ನೂ ಗಮನಿಸಿ. 1965ರಲ್ಲಿ ಸೋಜುವಿನಲ್ಲಿ ಶೇ. 30ರಷ್ಟು ಮದ್ಯಸಾರವಿತ್ತು. 1973ರಲ್ಲಿ ಅದು 25 ಆಯಿತು, 1998ರಲ್ಲಿ 23, 2006ರಲ್ಲಿ 20, ಈಗ 16ರ ಆಸುಪಾಸು. ಕೇಳಲು ಒಳ್ಳೆಯ ಸುದ್ದಿಯಂತಿದೆ. ಆದರೆ ಶೇ. 17 ಮತ್ತು ಅದಕ್ಕಿಂತ ಹೆಚ್ಚು ಮದ್ಯಸಾರವಿರುವ ಪಾನೀಯಗಳ ಜಾಹೀರಾತಿಗೆ ಅಲ್ಲಿನ ಟಿ.ವಿ.ಯಲ್ಲಿ ಅವಕಾಶವಿಲ್ಲ ಎಂಬುದನ್ನೂ ಇದರ ಪಕ್ಕದಲ್ಲಿಟ್ಟು ನೋಡಿ. ಖಾರ ಕಡಿಮೆಯಾದಂತೆ ಅದುವರೆಗೆ ಲೋಟ ಮುಟ್ಟದವರೂ ಮುಟ್ಟಿದರು. 2015ರಲ್ಲಿ ಹಣ್ಣಿನ ರುಚಿಯ ಸೋಜು ಬಂತು. ದ್ರಾಕ್ಷಿ, ಪೀಚ್, ಸ್ಟ್ರಾಬೆರಿ. ಹೆಂಗಸರನ್ನೂ ಹದಿಹರೆಯದ ದಾಟಿಲಲ್ಲಿರುವವರನ್ನೂ ಕಣ್ಣಲ್ಲಿಟ್ಟುಕೊಂಡೇ ಮಾಡಿದ ಸರಕು ಎಂದು ನನಗನಿಸುತ್ತದೆ. ಪರದೇಶಗಳಿಗೆ ಈಗ ಹೆಚ್ಚಾಗಿ ಹೋಗುತ್ತಿರುವುದೂ ಅದೇ. ಬಣ್ಣಬಣ್ಣದ ಆ ಬಾಟ್ಲಿಯನ್ನು ಶರಬತ್ತಿನ ಸಾಲಿನಲ್ಲಿಟ್ಟರೆ ಗುರುತಿಸುವುದು ಕಷ್ಟ.

ಆದರೆ ಬಾಟ್ಲಿಗಿಂತ ದೊಡ್ಡ ಕಥೆ ಮೇಜಿನದ್ದು. ಕೊರಿಯಾದಲ್ಲಿ ಯಾರೂ ತಮ್ಮ ಲೋಟಕ್ಕೆ ತಾವೇ ಸುರಿದುಕೊಳ್ಳುವುದಿಲ್ಲ. ಕಿರಿಯರು ಎರಡೂ ಕೈಗಳಿಂದ ಬಾಟ್ಲಿ ಹಿಡಿದು ಹಿರಿಯರಿಗೆ ಸುರಿಯಬೇಕು. ಹಿರಿಯರು ಸುರಿದರೆ ಎರಡೂ ಕೈಗಳಿಂದ ಲೋಟ ಚಾಚಬೇಕು. ಕುಡಿಯುವಾಗ ಹಿರಿಯರಿಗೆ ಕಾಣದಂತೆ ಮುಖವನ್ನು ಪಕ್ಕಕ್ಕೆ ತಿರುಗಿಸಬೇಕು. ಎಷ್ಟೊಂದು ಅದಬ್! ಕನ್ಫ್ಯೂಷಿಯಸ್‌ನ ಕಾಲದಿಂದ ಬಂದ ಶಿಷ್ಟಾಚಾರವೆಂದು ಅವರು ಹೆಮ್ಮೆಪಡುತ್ತಾರೆ. ನಾವು ಮಕ್ಕಳಿಗೆ ಊಟದ ತಟ್ಟೆಯ ಮುಂದೆ ಕಲಿಸುವ ವಿನಯವನ್ನು ಅವರು ಮದ್ಯದ ಲೋಟದ ಮುಂದೆ ಕಲಿಸುತ್ತಾರೆ. ಬೇಸರದ ಸಂಗತಿ ಎಂದರೆ ಆ ವಿನಯ ಸುಳ್ಳಲ್ಲ, ನಿಜವಾದದ್ದೇ. ಅದಕ್ಕಾಗಿಯೇ ಅದು ಅಪಾಯಕಾರಿ. ಹಿರಿಯರು ಪ್ರೀತಿಯಿಂದ ಸುರಿದದ್ದನ್ನು ಬೇಡ ಎಂದರೆ ಮದ್ಯವನ್ನು ತಿರಸ್ಕರಿಸಿದಂತಾಗುವುದಿಲ್ಲ, ಹಿರಿಯರನ್ನೇ ತಿರಸ್ಕರಿಸಿದಂತಾಗುತ್ತದೆ.

ಕಚೇರಿಗಳಲ್ಲಿ ಇದಕ್ಕೆ ‘ಹ್ವೇಶಿಕ್’ ಎಂಬ ಹೆಸರಿದೆ. ಸಹೋದ್ಯೋಗಿಗಳೆಲ್ಲ ಸೇರಿ ಮಾಡುವ ಊಟ. ಹೆಸರಿಗೆ ಊಟ. ಮೊದಲ ಸುತ್ತು ಮಾಂಸ ಸುಡುವ ಹೋಟೆಲಿನಲ್ಲಿ, ಎರಡನೆಯದು ಬಿಯರ್ ಅಂಗಡಿಯಲ್ಲಿ, ಮೂರನೆಯದು ಹಾಡುವ ಕೋಣೆಯಲ್ಲಿ. ಮೊದಲ ಸುತ್ತಿಗೇ ಎದ್ದು ಹೋಗುವವನು ತಂಡದವನಲ್ಲ ಎಂಬ ಭಾವನೆ ಬಹಳ ಕಾಲ ಇತ್ತು. ಸೋಜುವನ್ನು ಬಿಯರಿಗೆ ಬೆರೆಸಿ ಕುಡಿಯುವುದು ಅಲ್ಲಿನ ರೂಢಿ. ಬಿಯರಿನ ಗ್ಯಾಸ್ ಹೊಟ್ಟೆಯಿಂದ ಮದ್ಯವನ್ನು ರಕ್ತಕ್ಕೆ ಬೇಗ ತಳ್ಳುತ್ತದೆ. ಒಂದು ಬಾಟ್ಲಿಯಲ್ಲಿ 360 ಮಿಲಿ ಲೀಟರ್ ಇರುತ್ತದೆ, ಅಲ್ಲಿನ ಪುಟ್ಟ ಲೋಟದಲ್ಲಿ ಸುಮಾರು ಏಳು ಲೋಟವಾಗುತ್ತದೆ. ಏಳನ್ನು ಇಬ್ಬರಿಗೆ ಹಂಚಿದರೂ, ಮೂವರಿಗೆ ಹಂಚಿದರೂ, ನಾಲ್ವರಿಗೆ ಹಂಚಿದರೂ ಸಮ ಆಗುವುದಿಲ್ಲ. ಹಾಗಾಗಿ ಇನ್ನೊಂದು ಬಾಟ್ಲಿ ತರಿಸಲೇಬೇಕು ಎಂಬ ತಮಾಷೆಯ ಲೆಕ್ಕ ಅವರಲ್ಲಿದೆ. ಮಗ್ಗಿ ಕಲಿತ ಮಕ್ಕಳಿಗೆ ಅದು ತಮಾಷೆಯಾಗಿ ಕಾಣಬಹುದು, ಯಕೃತ್ತಿಗಲ್ಲ.

ಇದರಲ್ಲಿ ಒಬ್ಬ ಹೆಣ್ಣುಮಗಳ ಪಾಡು ಏನಾಗುತ್ತದೆ? 2007ರಲ್ಲಿ ಸೋಲ್‌ನ ಹೈಕೋರ್ಟಿನ ಮುಂದೆ ಬಂದ ಒಂದು ಪ್ರಕರಣ ಅದನ್ನು ಹೇಳುತ್ತದೆ. ಮೇಲಧಿಕಾರಿ ತನ್ನನ್ನು ಪದೇ ಪದೇ ಕುಡಿಯಲು ಬಲವಂತಪಡಿಸಿದನೆಂದು ದೂರಿ, ಕೆಲಸವನ್ನೂ ಬಿಟ್ಟಿದ್ದ ಯುವತಿಯೊಬ್ಬಳಿಗೆ 3 ಕೋಟಿ ವಾನ್ ಪರಿಹಾರ ಕೊಡಬೇಕೆಂದು ನ್ಯಾಯಾಲಯ ತೀರ್ಪಿತ್ತಿತು. ಕೈಕೆಳಗಿನವರನ್ನು ಒತ್ತಾಯಿಸಿ ಕುಡಿಸುವುದು ಕಾನೂನುಬಾಹಿರ ಎಂದಿತು. ಬೇಡ ಎನ್ನುವ ಹಕ್ಕಿಗಾಗಿ ಒಬ್ಬಳು ಹೈಕೋರ್ಟಿನವರೆಗೆ ಹೋಗಬೇಕಾಯಿತು ಎಂಬುದನ್ನು ಸ್ವಲ್ಪ ಯೋಚಿಸಿ ನೋಡಿ. ನಿಮ್ಮ ಹೆಣ್ಣುಮಕ್ಕಳ ಬಳಿ ಆ ಹಕ್ಕು ಹುಟ್ಟಿದಂದಿನಿಂದ ಇದೆ. ಅದನ್ನು ಬಂಧನ ಎಂದು ಕರೆಯುವವರೂ ಇದ್ದಾರೆ!

ಈಗ ಶರೀರದ ಮಾತು. ಇದನ್ನು ಮಕ್ಕಳಿಗೂ ಬಿಡಿಸಿ ಹೇಳಬೇಕು. ಹರಾಮ್ ಎಂಬ ಒಂದೇ ಪದದಲ್ಲಿ ಮಾತು ಮುಗಿಸಿದರೆ ಇಂದಿನ ಮಕ್ಕಳು ‘ಯಾಕೆ?’ ಎಂದು ಮರುಪ್ರಶ್ನೆ ಹಾಕುತ್ತಾರೆ. ಹಾಕಲಿ, ಉತ್ತರ ನಮ್ಮಲ್ಲಿದೆ.

ಒಂದು ಬಾಟ್ಲಿ ಸೋಜುವಿನಲ್ಲಿ ಸುಮಾರು 45 ಗ್ರಾಂ ಶುದ್ಧ ಮದ್ಯಸಾರವಿರುತ್ತದೆ. ಸಾಧಾರಣ ಮನುಷ್ಯನ ಯಕೃತ್ತು ಒಂದು ಗಂಟೆಯಲ್ಲಿ 7ರಿಂದ 10 ಗ್ರಾಂನಷ್ಟನ್ನು ಮಾತ್ರ ಕರಗಿಸಬಲ್ಲದು. ಕಾಫಿ ಕುಡಿದರೂ, ತಣ್ಣೀರು ಸುರಿದುಕೊಂಡರೂ ಆ ವೇಗ ಹೆಚ್ಚುವುದಿಲ್ಲ. ಅಂದರೆ ಒಂದು ಬಾಟ್ಲಿಗೆ ಐದಾರು ಗಂಟೆ. ಎರಡು ಬಾಟ್ಲಿ ಕುಡಿದು ಮಧ್ಯರಾತ್ರಿ ಮಲಗಿದವನ ರಕ್ತದಲ್ಲಿ ಮರುದಿನ ಬೆಳಗ್ಗೆ ಕಚೇರಿಗೆ ಕಾರು ಓಡಿಸುವಾಗಲೂ ಮದ್ಯ ಇರುತ್ತದೆ. ನಿದ್ದೆ ಮಾಡಿ ಎದ್ದೆನಲ್ಲ, ಇಳಿದಿದೆ ಎಂದು ಅವನು ನಂಬಿರುತ್ತಾನೆ.

ಯಕೃತ್ತು ಮದ್ಯವನ್ನು ಕರಗಿಸುವಾಗ ಮೊದಲು ಅಸಿಟಾಲ್ಡಿಹೈಡ್ ಎಂಬ ವಿಷವಾಗುತ್ತದೆ. ಆ ವಿಷವನ್ನು ಇನ್ನೊಂದು ಕಿಣ್ವ ಬೇಗನೆ ನಿರುಪದ್ರವಿ ಮಾಡಬೇಕು. ಅಲ್ಲಾಹನ ಸೃಷ್ಟಿಯ ವೈಚಿತ್ರ್ಯ ನೋಡಿ: ಪೂರ್ವ ಏಷ್ಯಾದ ಜನರಲ್ಲಿ ಸುಮಾರು ಮೂರನೇ ಒಂದು ಭಾಗದವರಿಗೆ ಆ ಕಿಣ್ವ ಹುಟ್ಟಿನಿಂದಲೇ ದುರ್ಬಲ. ಒಂದೆರಡು ಲೋಟಕ್ಕೇ ಅವರ ಮುಖ ಕೆಂಡದಂತೆ ಕೆಂಪಾಗುತ್ತದೆ, ಎದೆ ಬಡಿದುಕೊಳ್ಳುತ್ತದೆ, ತಲೆ ಸಿಡಿಯುತ್ತದೆ. ಧಾರಾವಾಹಿಯಲ್ಲಿ ಮುದ್ದಾಗಿ ಕಾಣುವ ಆ ಕೆಂಪು ಕೆನ್ನೆ ಶರೀರ ಬಾರಿಸುವ ಗಂಟೆ. ಆದರೂ ಕುಡಿಯುತ್ತಾ ಹೋದರೆ ಅಂಥವರಿಗೆ ಅನ್ನನಾಳದ ಕ್ಯಾನ್ಸರಿನ ಅಪಾಯ ಇತರರಿಗಿಂತ ಬಹಳ ಹೆಚ್ಚು ಎಂದು ವೈದ್ಯರು ಕಂಡುಕೊಂಡಿದ್ದಾರೆ. ದೇಹವೇ ಬೇಡ ಎನ್ನುತ್ತಿದೆ, ಎದುರಿಗಿರುವ ಹಿರಿಯರು ಇನ್ನೊಂದು ಸುರಿಯುತ್ತಿದ್ದಾರೆ.

ಹೆಂಗಸರ ವಿಷಯ ಬೇರೆಯೇ ಇದೆ. ಒಂದೇ ತೂಕದ ಗಂಡಸೂ ಹೆಂಗಸೂ ಒಂದೇ ಅಳತೆ ಕುಡಿದರೆ ಹೆಂಗಸಿನ ರಕ್ತದಲ್ಲಿ ಮದ್ಯದ ಪ್ರಮಾಣ ಹೆಚ್ಚಿರುತ್ತದೆ. ಅವಳ ದೇಹದಲ್ಲಿ ನೀರಿನ ಅಂಶ ಕಡಿಮೆ. ಸ್ತನ ಕ್ಯಾನ್ಸರಿಗೂ ಮದ್ಯಕ್ಕೂ ಇರುವ ನಂಟು ಸ್ಪಷ್ಟವಾಗಿದೆ, ಸ್ವಲ್ಪ ಕುಡಿಯುವವರಲ್ಲೂ ಅಪಾಯ ಏರುತ್ತದೆ. ಗರ್ಭಿಣಿ ಕುಡಿದರೆ ಅದು ಹೊಕ್ಕುಳ ಬಳ್ಳಿಯ ಮೂಲಕ ಶಿಶುವಿಗೆ ತಲುಪುತ್ತದೆ. ಮಗುವಿನ ಮೆದುಳಿಗೆ ಆದ ಹಾನಿಯನ್ನು ಮುಂದೆ ಯಾವ ಔಷಧವೂ ಸರಿಪಡಿಸದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1988ರಲ್ಲೇ ಮದ್ಯವನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲ ಪಟ್ಟಿಗೆ ಸೇರಿಸಿತ್ತು. ದಿನಕ್ಕೊಂದು ಲೋಟ ಹೃದಯಕ್ಕೆ ಒಳ್ಳೆಯದು ಎಂದು ಪತ್ರಿಕೆಗಳಲ್ಲಿ ಬರುತ್ತಿದ್ದ ಮಾತು ನಿಮಗೆ ನೆನಪಿರಬಹುದು. 2023ರ ಜನವರಿಯಲ್ಲಿ ಅದೇ ಸಂಸ್ಥೆ, ಆರೋಗ್ಯಕ್ಕೆ ಸುರಕ್ಷಿತ ಎನ್ನಬಹುದಾದ ಯಾವ ಪ್ರಮಾಣವೂ ಇಲ್ಲ ಎಂದು ತಿಳಿಸಿತು. ಹೆಚ್ಚಾದಾಗ ಅಮಲೇರಿಸುವುದರ ಸ್ವಲ್ಪವೂ ನಿಷಿದ್ಧ ಎಂಬ ಪ್ರವಾದಿ(ಸ)ರ ತೀರ್ಮಾನ ನಮ್ಮ ಮದ್ರಸದ ಮಕ್ಕಳಿಗೆ ಗೊತ್ತಿರುವ ವಿಷಯ. 2019ರ ಒಂದೇ ವರ್ಷದಲ್ಲಿ ಮದ್ಯದ ಕಾರಣದಿಂದ ಜಗತ್ತಿನಲ್ಲಿ 26 ಲಕ್ಷ ಮಂದಿ ಸತ್ತಿದ್ದಾರೆ ಎಂಬುದೂ ಆ ಸಂಸ್ಥೆಯದೇ ಲೆಕ್ಕ.

ಕೊರಿಯನ್ನರಲ್ಲಿ ಒಂದು ನುಡಿ ಇದೆ: ‘ಫಿಲ್ಮ್ ಕತ್ತರಿಸಿಹೋಯಿತು’ ಎನ್ನುತ್ತಾರೆ. ರಾತ್ರಿ ಏನು ಮಾಡಿದೆ, ಯಾರ ಜೊತೆ ಹೋದೆ, ಮನೆಗೆ ಹೇಗೆ ಬಂದೆ ಎಂಬುದೇ ನೆನಪಿಲ್ಲದಿದ್ದಾಗ ಹೇಳುವ ಮಾತು. ನಗುತ್ತಾ ಹೇಳುತ್ತಾರೆ. ಮೆದುಳಿನಲ್ಲಿ ನೆನಪನ್ನು ದಾಖಲಿಸುವ ಭಾಗ ಆ ಹೊತ್ತು ಕೆಲಸ ನಿಲ್ಲಿಸಿರುತ್ತದೆ. ಕಾಲು ನಡೆಯುತ್ತದೆ, ಬಾಯಿ ಮಾತಾಡುತ್ತದೆ, ಬರೆದಿಟ್ಟುಕೊಳ್ಳುವವನು ಮಾತ್ರ ಇಲ್ಲ. ಇನ್ನೂ ಮುಂದೆ ಹೋದರೆ ಉಸಿರಾಟವನ್ನು ನಡೆಸುವ ಭಾಗವೇ ಮಂಕಾಗುತ್ತದೆ. ವಿಶ್ವವಿದ್ಯಾನಿಲಯಗಳಿಗೆ ಹೊಸದಾಗಿ ಸೇರಿದ ಮಕ್ಕಳನ್ನು ಸ್ವಾಗತಿಸುವ ಕೂಟಗಳಲ್ಲಿ ಸೀನಿಯರುಗಳು ಕುಡಿಸಿ ಕುಡಿಸಿ, ಹದಿನೆಂಟು ಹತ್ತೊಂಬತ್ತರ ಮಕ್ಕಳು ಬೆಳಗ್ಗೆ ಏಳದೇ ಹೋದ ಘಟನೆಗಳು ಆ ದೇಶದಲ್ಲಿ ಒಂದೆರಡಲ್ಲ. ವರ್ಷಗಟ್ಟಲೆ ಹಗಲಿರುಳು ಓದಿಸಿ ಕಳುಹಿಸಿದ ತಾಯಿಗೆ ಮೊದಲ ತಿಂಗಳಲ್ಲೇ ಫೋನ್ ಬರುವುದೆಂದರೆ...

ಒಂದು ಮಾತನ್ನು ಇಲ್ಲೇ ಹೇಳಿಬಿಡುತ್ತೇನೆ. ನೆರೆಮನೆಯಲ್ಲೋ ರಸ್ತೆ ಬದಿಯಲ್ಲೋ ಕುಡಿದು ಎಚ್ಚರ ತಪ್ಪಿ ಬಿದ್ದವನನ್ನು ಕಂಡರೆ ಮೂಗು ಮುಚ್ಚಿಕೊಂಡು ದಾಟಿ ಹೋಗಬೇಡಿ. ಅಂಗಾತ ಮಲಗಿದವನು ವಾಂತಿ ಮಾಡಿಕೊಂಡರೆ ಅದು ಉಸಿರ ಕೊಳವೆಗೆ ಹೋಗಿ ಸಾಯುತ್ತಾನೆ. ಮನೆಯ ಗಂಡಸರನ್ನು ಕರೆದು ಅವನನ್ನು ಒಂದು ಮಗ್ಗುಲಿಗೆ ತಿರುಗಿಸಿ ಮಲಗಿಸಲಿ, ಬಾಯಿಗೆ ಏನನ್ನೂ ಹಾಕದಿರಲಿ. ಕರೆದರೂ ಚಿವುಟಿದರೂ ಏಳದಿದ್ದರೆ, ಉಸಿರು ತೀರಾ ನಿಧಾನವಾಗಿದ್ದರೆ, ತುಟಿ ನೀಲಿಯಾಗಿದ್ದರೆ 108ಕ್ಕೆ ಕರೆ ಮಾಡಿ. ಪಾಪ ಅವನದ್ದು, ಪ್ರಾಣ ಅಲ್ಲಾಹನದ್ದು.

ರಸ್ತೆಯ ವಿಚಾರಕ್ಕೆ ಬರೋಣ. 2018ರ ಸೆಪ್ಟೆಂಬರಿನಲ್ಲಿ ಬೂಸಾನ್ ನಗರದಲ್ಲಿ, ಸೇನೆಯ ಸೇವೆಯಲ್ಲಿದ್ದ 22 ವರ್ಷದ ಯುವಕನೊಬ್ಬ ರಜೆಗೆ ಬಂದಿದ್ದಾಗ ಕುಡಿದವನ ಕಾರು ಹಾಯ್ದು ನವೆಂಬರಿನಲ್ಲಿ ತೀರಿಕೊಂಡ. ಅವನ ಗೆಳೆಯರು ಸುಮ್ಮನೆ ಅತ್ತು ಕೂರಲಿಲ್ಲ, ಸಹಿ ಸಂಗ್ರಹಿಸಿ ಸಂಸತ್ತಿನ ಬಾಗಿಲು ಬಡಿದರು. ಅವನ ಹೆಸರಿನಲ್ಲೇ ಕಾಯ್ದೆ ಬಂತು. 2019ರ ಜೂನ್‌ನಿಂದ ಚಾಲಕನ ರಕ್ತದಲ್ಲಿರಬಹುದಾದ ಮದ್ಯದ ಮಿತಿಯನ್ನು ಶೇ. 0.05ರಿಂದ 0.03ಕ್ಕೆ ಇಳಿಸಿದರು. ನಮ್ಮ ದೇಶದ ಮಿತಿಯೂ ಅಷ್ಟೇ. ಕುಡಿದವರ ಕಾರನ್ನು ಮನೆಗೆ ಓಡಿಸಿಕೊಂಡು ಹೋಗಲು ಬಾಡಿಗೆ ಚಾಲಕರನ್ನು ಕರೆಸುವ ವ್ಯವಸ್ಥೆ ಅಲ್ಲಿ ದೊಡ್ಡ ಉದ್ಯೋಗವಾಗಿಯೇ ಬೆಳೆದಿದೆ. ಅದು ಜೀವ ಉಳಿಸುತ್ತದೆ, ನಿಜ. ಆದರೆ ಒಬ್ಬನ ಅಮಲಿಗಾಗಿ ಇನ್ನೊಬ್ಬ ತನ್ನ ಮಕ್ಕಳನ್ನು ಬಿಟ್ಟು ಚಳಿಯ ನಡುರಾತ್ರಿಯಲ್ಲಿ ಬೀದಿಯಲ್ಲಿ ಕಾಯಬೇಕು.

ಇದಕ್ಕಿಂತ ಕಹಿಯಾದ ಇನ್ನೊಂದು ಸಂಗತಿ ಇದೆ. ಬರೆಯಲೋ ಬೇಡವೋ ಎಂದು ಯೋಚಿಸಿದೆ. 2008ರ ಡಿಸೆಂಬರಿನಲ್ಲಿ ಅಲ್ಲಿ ಎಂಟು ವರ್ಷದ ಶಾಲಾ ಬಾಲಕಿಯ ಮೇಲೆ ಒಬ್ಬಾತ ಎಸಗಿದ ಅತ್ಯಾಚಾರ ಅವಳನ್ನು ಜೀವನಪರ್ಯಂತದ ಗಾಯಕ್ಕೆ ನೂಕಿತು. ಅವನಿಗೆ ಆದ ಶಿಕ್ಷೆ 12 ವರ್ಷ. ಕುಡಿದಿದ್ದರಿಂದ ಅವನ ವಿವೇಚನೆ ಕುಂದಿತ್ತು ಎಂದು ನ್ಯಾಯಾಲಯ ಶಿಕ್ಷೆಯಲ್ಲಿ ರಿಯಾಯಿತಿ ನೀಡಿತ್ತು! 2020ರ ಡಿಸೆಂಬರಿನಲ್ಲಿ ಅವನು ಬಿಡುಗಡೆಯಾದಾಗ ಇಡೀ ದೇಶ ಕುದಿಯಿತು. ಜನರ ಆಕ್ರೋಶದಿಂದಾಗಿ, ಲೈಂಗಿಕ ಅಪರಾಧಗಳಲ್ಲಿ ಅಮಲಿನ ನೆಪದಿಂದ ಶಿಕ್ಷೆ ಇಳಿಸದಿರಲು ಅಷ್ಟರೊಳಗೆ ಕಾನೂನನ್ನು ತಿದ್ದಿದ್ದರು. ಕುಡಿತವನ್ನು ಸಮಾಜ ಮರ್ಯಾದೆ ಎಂದು ಒಪ್ಪಿಕೊಂಡಾಗ, ಕುಡಿದು ಮಾಡಿದ್ದು ‘ಅವನಲ್ಲ, ಮದ್ಯ’ ಎಂಬ ಮಾತು ನ್ಯಾಯಾಲಯದ ಮೆಟ್ಟಿಲನ್ನೂ ಏರುತ್ತದೆ. ನಮ್ಮೂರಿನಲ್ಲೂ ಹೆಂಡತಿಗೆ ಹೊಡೆದವನ ಪರವಾಗಿ ಅತ್ತೆ ಹೇಳುವ ಮಾತು ಇದೇ ಅಲ್ಲವೇ? ‘ಕುಡಿಯದಿದ್ದರೆ ಅವನು ಬಂಗಾರ.’

ಕೊರಿಯಾದ ಮನೆಗಳಲ್ಲಿ ಒಂದು ಸಾರು ಇದೆ. ‘ಹೇಜಾಂಗ್‌ಗುಕ್’ ಎನ್ನುತ್ತಾರೆ, ಎಂದರೆ ಅಮಲು ಇಳಿಸುವ ಸಾರು. ಮೊಳಕೆ ಕಾಳು ಹಾಕಿ, ಇಲ್ಲವೇ ಒಣಮೀನು ಹಾಕಿ ಕುದಿಸುತ್ತಾರೆ. ರಾತ್ರಿ ಎರಡು ಗಂಟೆಗೆ ತೂರಾಡುತ್ತಾ ಬಂದ ಗಂಡನಿಗೆ ಬೆಳಗ್ಗೆ ಆರಕ್ಕೆ ಎದ್ದು ಈ ಸಾರನ್ನು ಮಾಡಿ ಬಡಿಸುವುದು ಒಳ್ಳೆಯ ಹೆಂಡತಿಯ ಲಕ್ಷಣ ಎಂದು ತಲೆಮಾರುಗಳಿಂದ ನಡೆದು ಬಂದಿತ್ತು. ಆ ಸಾರಿನ ಬಗ್ಗೆ ಓದಿದಾಗ ನನಗೆ ಅದರ ರುಚಿಯ ಬಗ್ಗೆ ಯೋಚನೆ ಬರಲಿಲ್ಲ. ರಾತ್ರಿ ಕಾದು ಕುಳಿತವಳು ಯಾರು, ವಾಂತಿ ಬಳಿದವಳು ಯಾರು, ಮಕ್ಕಳಿಗೆ ‘ಅಪ್ಪನಿಗೆ ಹುಷಾರಿಲ್ಲ’ ಎಂದು ಸುಳ್ಳು ಹೇಳಿದವಳು ಯಾರು ಎಂಬ ಯೋಚನೆಯೇ ಬಂತು. ಧಾರಾವಾಹಿಯಲ್ಲಿ ನಾಯಕ ನಾಯಕಿಯನ್ನು ಬೆನ್ನ ಮೇಲೆ ಹೊರುತ್ತಾನೆ. ನಿಜ ಜೀವನದಲ್ಲಿ ಹೊರುವುದು ಸಾಮಾನ್ಯವಾಗಿ ಹೆಣ್ಣೇ, ಮತ್ತು ಹಲವು ವರ್ಷಗಳ ಕಾಲ.

ಸಹೋದರಿಯರೇ, ಮದೀನಾದಲ್ಲೂ ಒಂದು ಕೂಟ ನಡೆದಿತ್ತು. ಅಬೂ ತಲ್ಹಾ(ರ) ಅವರ ಮನೆಯಲ್ಲಿ ಗೆಳೆಯರು ಸೇರಿದ್ದರು. ಖರ್ಜೂರದ ಮದ್ಯವನ್ನು ಲೋಟಗಳಿಗೆ ಸುರಿಯುತ್ತಿದ್ದವರು ಅವರಲ್ಲಿ ಕಿರಿಯರಾದ ಅನಸ್(ರ). ಕಿರಿಯರು ಹಿರಿಯರಿಗೆ ಸುರಿಯುವ ಅದೇ ದೃಶ್ಯ. ಅಷ್ಟರಲ್ಲಿ ಬೀದಿಯಲ್ಲಿ ಸಾರುವವನ ಧ್ವನಿ ಕೇಳಿಸಿತು, ಮದ್ಯ ನಿಷಿದ್ಧವಾಯಿತೆಂದು. ಒಬ್ಬರೂ ಈ ಲೋಟವೊಂದು ಮುಗಿಯಲಿ ಎನ್ನಲಿಲ್ಲ. ಎಲ್ಲವನ್ನೂ ಹೊರಗೆ ಚೆಲ್ಲಿಬಿಡು ಎಂದು ಅಬೂ ತಲ್ಹಾ(ರ) ಅನಸ್‌ರಿಗೆ ಹೇಳಿದರು. ಮದೀನಾದ ಓಣಿಗಳಲ್ಲಿ ಅದು ಹರಿಯಿತು ಎಂದು ಸ್ವಹೀಹುಲ್ ಬುಖಾರಿಯಲ್ಲಿದೆ. ಇದು ಒಂದೇ ದಿನದಲ್ಲಿ ಆದ ಪವಾಡ ಎಂದು ಕೆಲವರು ಹೇಳುತ್ತಾರೆ. ನನಗೆ ಹಾಗನಿಸುವುದಿಲ್ಲ. ಮೊದಲು ಅಲ್‌ಬಕರದಲ್ಲಿ ಅದರ ಕೆಡುಕು ಅದರ ಪ್ರಯೋಜನಕ್ಕಿಂತ ದೊಡ್ಡದು ಎಂದು ತಿಳಿಸಲಾಯಿತು. ನಂತರ ಅನ್ನಿಸಾಅ್‌ನಲ್ಲಿ ಅಮಲಿನಲ್ಲಿ ನಮಾಝಿನ ಬಳಿ ಸುಳಿಯಬಾರದೆಂದು ಹೇಳಲಾಯಿತು. ದಿನಕ್ಕೆ ಐದು ಹೊತ್ತಿನ ನಡುವೆ ಕುಡಿಯುವುದಾದರೂ ಯಾವಾಗ? ಕೊನೆಗೆ ಅಲ್‌ಮಾಇದಃದಲ್ಲಿ ಪೂರ್ಣ ನಿಷೇಧ ಬಂತು. ಮೊದಲ ದಿನವೇ ಕುಡಿಯಬೇಡಿ ಎಂದಿದ್ದರೆ ಜನ ನಾವು ಬಿಡಲಾರೆವು ಎನ್ನುತ್ತಿದ್ದರು ಎಂದು ಆಯಿಶಾ(ರ) ಹೇಳಿದ್ದಾರೆ. ಹಲವು ವರ್ಷಗಳ ತರಬೇತಿಯ ಫಲ ಅದು.

ಇನ್ನೊಂದು ಸೂಕ್ಷ್ಮ. ಮದ್ಯದ ವಿಷಯದಲ್ಲಿ ಪ್ರವಾದಿ(ಸ)ರು ಶಪಿಸಿದ್ದು ಕುಡಿಯುವವನೊಬ್ಬನನ್ನೇ ಅಲ್ಲ, ಹತ್ತು ಮಂದಿಯನ್ನು. ಹಿಂಡುವವನು, ಹೊರುವವನು, ಮಾರುವವನು, ಅದರ ಹಣ ತಿನ್ನುವವನು ಎಲ್ಲರೂ ಆ ಪಟ್ಟಿಯಲ್ಲಿದ್ದಾರೆ. ಲೋಟಕ್ಕೆ ಸುರಿದು ಕೊಡುವವನೂ ಇದ್ದಾನೆ. ಸುರಿಯುವವನನ್ನು ಯಾಕೆ ಸೇರಿಸಿದರು ಎಂದು ಓದುವ ಕಾಲದಲ್ಲಿ ನಾವು ಅಷ್ಟಾಗಿ ಯೋಚಿಸಿರಲಿಲ್ಲ. ಕೊರಿಯಾದ ಮೇಜನ್ನು ನೋಡಿದ ಮೇಲೆ ಅದು ಅರ್ಥವಾಗುತ್ತದೆ. ಅಲ್ಲಿ ಒಬ್ಬನನ್ನು ಕೊಲ್ಲುವುದು ಅವನ ಬಾಯಾರಿಕೆಯಲ್ಲ, ಇನ್ನೊಬ್ಬನ ಒತ್ತಾಯ.

ಇದನ್ನೆಲ್ಲ ಓದಿ ಕೊರಿಯನ್ನರನ್ನು ಹೀಗಳೆಯಬೇಡಿ. ನಮ್ಮ ರಾಜ್ಯದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಷೇಧವಾದರೂ ಬಡವರ ಮನೆಯ ಕೂಲಿ ಹಣ ಬೇರೆ ಬಾಟ್ಲಿಗಳಿಗೆ ಹೋಗುತ್ತಲೇ ಇದೆ. 2019ರ ಜನವರಿಯಲ್ಲಿ ಮದ್ಯ ನಿಷೇಧಕ್ಕಾಗಿ ಚಿತ್ರದುರ್ಗದಿಂದ ಬೆಂಗಳೂರಿಗೆ ಸಾವಿರಾರು ಹೆಂಗಸರು ನಡೆದುಕೊಂಡೇ ಬಂದರು. ಮುಸ್ಲಿಮ್ ಹೆಸರಿನ ಮನೆಗಳು ಇದರಿಂದ ಹೊರತಾಗಿವೆ ಎಂದು ಎದೆ ತಟ್ಟಿ ಹೇಳುವ ಧೈರ್ಯ ಯಾರಿಗಿದೆ?

ಕೊರಿಯಾವೂ ಬದಲಾಗುತ್ತಿದೆ. ವಿಶ್ವ ಆರೋಗ್ಯ ಸಂಸ್ಥೆಯ 2014ರ ವರದಿಯಲ್ಲಿ ಅಲ್ಲಿನ ತಲಾ ಮದ್ಯಸೇವನೆ ವರ್ಷಕ್ಕೆ 12.3 ಲೀಟರ್ ಶುದ್ಧ ಮದ್ಯಸಾರ ಎಂದಿತ್ತು, ಭಾರತದ್ದು 4.3. ಈಚಿನ ವರ್ಷಗಳಲ್ಲಿ ಕೊರಿಯಾದ ಅಂಕಿ ಸಾಕಷ್ಟು ಇಳಿದಿದೆ. 2018ರಲ್ಲಿ ವಾರದ ದುಡಿಮೆಯನ್ನು 52 ಗಂಟೆಗೆ ಮಿತಿಗೊಳಿಸಿದ ಕಾನೂನು ಬಂತು. 2019ರ ಜುಲೈಯಲ್ಲಿ ಕೆಲಸದ ಜಾಗದ ಕಿರುಕುಳವನ್ನು ತಡೆಯುವ ಕಾನೂನು ಬಂತು. ಆಮೇಲೆ ಕೊರೋನಾ ಬಂದು ರಾತ್ರಿಯ ಕೂಟಗಳನ್ನೇ ನಿಲ್ಲಿಸಿತು. ಹೊಸ ತಲೆಮಾರಿನವರು ಮಧ್ಯಾಹ್ನದ ಊಟವೇ ಸಾಕು ಎನ್ನತೊಡಗಿದ್ದಾರೆ. ಸೋಲ್‌ನಲ್ಲಿ ಬಾರುಗಳಿಗೆ ಹೆಸರಾದ ಇಟೇವಾನ್ ಎಂಬ ಬಡಾವಣೆಯ ಗುಡ್ಡದ ಮೇಲೆಯೇ 1976ರಿಂದ ಒಂದು ಮಸೀದಿ ನಿಂತಿದೆ, ಆ ದೇಶದ ಮೊದಲ ದೊಡ್ಡ ಮಸೀದಿ. ಯುದ್ಧಕಾಲದಲ್ಲಿ ಬಂದ ತುರ್ಕಿ ಸೈನಿಕರ ಮೂಲಕ ಇಸ್ಲಾಮನ್ನು ಅರಿತ ಕೊರಿಯನ್ನರಿಂದ ಅಲ್ಲಿನ ಸಮುದಾಯ ಆರಂಭವಾಯಿತು. ಅದೇ ಕಚೇರಿಗಳಲ್ಲಿ ದುಡಿದು, ಅದೇ ಹಿರಿಯರ ಮುಂದೆ ಲೋಟ ಮುಟ್ಟದೆ ಬಾಳುವ ಕೊರಿಯನ್ ಮುಸ್ಲಿಮರ ಸಹನೆಯ ಮುಂದೆ ನಮ್ಮದು ಏನೂ ಅಲ್ಲ.

ನಿಮ್ಮ ಮಗನಿಗೋ ಅಳಿಯನಿಗೋ ಕೊರಿಯನ್ ಕಂಪೆನಿಯಲ್ಲಿ ಕೆಲಸ ಸಿಕ್ಕಿರಬಹುದು. ಬೆಂಗಳೂರಿನಲ್ಲೂ, ಗಡಿಯಾಚೆಯ ಪೆನುಕೊಂಡದ ಕಾರಿನ ಕಾರ್ಖಾನೆಯಲ್ಲೂ, ಚೆನ್ನೈ ಬಳಿಯ ಶ್ರೀಪೆರಂಬುದೂರಿನಲ್ಲೂ ಅವರ ಉದ್ಯಮಗಳಿವೆ. ಅಂಥವರಿಗೆ ಒಂದು ಮಾತು ಹೇಳಿ ಕಳುಹಿಸಿ. ‘ಇವತ್ತು ಹೊಟ್ಟೆ ಸರಿ ಇಲ್ಲ’ ಎಂಬ ನೆಪ ಬೇಡ. ನೆಪಕ್ಕೆ ನಾಳೆ ಮತ್ತೊಂದು ಲೋಟ ಕಾದಿರುತ್ತದೆ. ಮೊದಲ ವಾರವೇ, ಮೇಜಿಗೆ ಹೋಗುವ ಮುಂಚೆಯೇ, ನನ್ನ ಧರ್ಮದಲ್ಲಿ ಇದಿಲ್ಲ ಎಂದು ನಗುಮುಖದಿಂದ ಹೇಳಿಬಿಡಬೇಕು. ಧರ್ಮದ ಕಾರಣವನ್ನು ಹೆಚ್ಚಿನ ಕೊರಿಯನ್ನರು ಗೌರವಿಸುತ್ತಾರೆ, ಅವರಲ್ಲೇ ಕುಡಿಯದ ಕ್ರೈಸ್ತರು ಬಹಳ ಮಂದಿ ಇದ್ದಾರೆ. ಮದ್ಯ ಹರಿದಾಡುವ ದಸ್ತರ್‌ಖಾನಿನಲ್ಲಿ ಕೂರಬಾರದೆಂಬ ಹದೀಸ್ ಇರುವುದರಿಂದ ರಾತ್ರಿಯ ಕೂಟದಿಂದ ದೂರ ಉಳಿದು, ಮಧ್ಯಾಹ್ನದ ಊಟಕ್ಕೆ ಸಹೋದ್ಯೋಗಿಗಳನ್ನು ತಾನೇ ಕರೆಯಲಿ. ನಮ್ಮ ಬಿರಿಯಾನಿಯ ಮುಂದೆ ಯಾವ ಮೇಲಧಿಕಾರಿಯ ಮುನಿಸೂ ನಿಲ್ಲದು.

ಇನ್ನು ಅಡುಗೆಮನೆಯ ಒಂದು ವಿಷಯ. ಧಾರಾವಾಹಿ ನೋಡಿದ ಮಕ್ಕಳು ಕೊರಿಯನ್ ನೂಡಲ್ಸ್, ಕೆಂಪು ಮೆಣಸಿನ ಪೇಸ್ಟ್ ಬೇಕೆಂದು ಹಟ ಹಿಡಿಯುತ್ತಾರೆ. ‘ಗೊಚುಜಾಂಗ್’ ಎಂಬ ಆ ಪೇಸ್ಟ್ ಕೆಡದಂತೆ ಇರಲು ಹಲವು ಕಂಪೆನಿಗಳು ಅದಕ್ಕೆ ಮದ್ಯಸಾರ ಸೇರಿಸುತ್ತವೆ. ಅಡುಗೆಯ ಸಾಸುಗಳಲ್ಲಿ ಅಕ್ಕಿಯ ಮದ್ಯ ಇರುವುದುಂಟು. ಕೆಲವು ನೂಡಲ್ಸ್‌ಗಳ ಮಸಾಲೆಯಲ್ಲಿ ಹಂದಿಯ ಅಂಶವಿರುತ್ತದೆ. ಹಲಾಲ್ ಮುದ್ರೆ ಇರುವ ಕೊರಿಯನ್ ಸರಕುಗಳೂ ಮಾರುಕಟ್ಟೆಯಲ್ಲಿವೆ. ಆದ್ದರಿಂದ ಅಂಗಡಿಯಲ್ಲಿ ಪೊಟ್ಟಣದ ಮುಂಬದಿಯ ಚಿತ್ರ ನೋಡುವ ಮೊದಲು ಅದನ್ನು ತಿರುಗಿಸಿ, ಸಣ್ಣ ಅಕ್ಷರಗಳಲ್ಲಿ ಬರೆದ ಪದಾರ್ಥಗಳ ಪಟ್ಟಿಯನ್ನು ಮಗಳಿಂದಲೇ ಗಟ್ಟಿಯಾಗಿ ಓದಿಸಿ.